ಎಂಟರ ಮುಂದೆ ಒಂದು ಸೊನ್ನೆ

ನನ್ನ ಗಂಡನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಮಂಗಳವಾರ, ಗುರುವಾರ, ಶನಿವಾರ. ಬೆಳಿಗ್ಗೆ ಏಳಕ್ಕೆ ಸೂಜಿ ಚುಚ್ಚಿದರೆ ಹನ್ನೊಂದಕ್ಕೆ ತೆಗೆಯುತ್ತಾರೆ. ದೊಡ್ಡಬಳ್ಳಾಪುರದ ಒಂದು ಸಣ್ಣ ಧರ್ಮಾಸ್ಪತ್ರೆಯ ಮೊದಲ ಮಹಡಿಯಲ್ಲಿ ಎಂಟು ಹಾಸಿಗೆ, ಎಂಟು ಮಷೀನು. ಬಾಗಿಲಾಚೆ ಕಾಯುವವರಿಗೆ ಒಂದು ಕಬ್ಬಿಣದ ಬೆಂಚು. ಆ ಬೆಂಚಿನ ಎಡತುದಿ ನನ್ನದು. ಅಲ್ಲಿ ಗೋಡೆಯಲ್ಲಿ ಪ್ಲಗ್ ಇತ್ತು, ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಳ್ಳಬಹುದಿತ್ತು.

ನನ್ನ ಗಂಡ ಸಾಸಲು ಕಡೆಯವರು, ಸ್ಕೂಲ್ ವ್ಯಾನ್ ಓಡಿಸುತ್ತಿದ್ದರು. ಕಾಲು ಊದಿಕೊಂಡಾಗ ಇಡೀ ದಿನ ಸೀಟಿನಲ್ಲಿ ಕೂತು ಹಾಗಾಗಿದೆ ಎಂದುಕೊಂಡೆವು. ಬಿಪಿ ಯಾವತ್ತೂ ನೋಡಿಸಿರಲಿಲ್ಲ. ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ ಎಂದು ಡಾಕ್ಟರು ಹೇಳಿದ ದಿನ ನಾನು ಮನೆಗೆ ಬಂದು ಅಕ್ಕಿ ತೊಳೆದು ಕುಕ್ಕರ್ ಇಟ್ಟೆ. ಮೂರು ಸಲ ಕೂಗಿತು, ಆರಿಸಿದೆ. ಬಡಿಸಿದೆ. ಒಗೆದ ಬಟ್ಟೆ ಮಡಿಸಿದೆ. ಅವತ್ತಿನಿಂದ ಹೆಚ್ಚುಕಡಿಮೆ ಎಲ್ಲ ಕೆಲಸವೂ ಹಾಗೇ ನಡೆಯಿತು. ಯಾವುದೂ ನಿಲ್ಲಲಿಲ್ಲ, ಯಾವುದೂ ನನಗೆ ತಾಕಲೂ ಇಲ್ಲ. ನಮ್ಮಮ್ಮ ಫೋನಿನಲ್ಲಿ ಅಳುತ್ತಿದ್ದರೆ ನಾನು ಸುಮ್ಮನೆ ಕೇಳಿಸಿಕೊಂಡು, 'ಸರಿ ಕಣಮ್ಮ, ಇಡ್ತೀನಿ' ಎನ್ನುತ್ತಿದ್ದೆ.

ನನ್ನ ಕೆಲಸ ಊರಾಚೆಯ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ. ತೂಕದ ಯಂತ್ರಗಳು ತೋರಿಸುವ ಅಂಕಿಯನ್ನು ಲೇಬಲ್ಲಿನ ಮೇಲೆ ಅಚ್ಚು ಹಾಕುವ ಪ್ರೋಗ್ರಾಂ ಬರೆಯುತ್ತೇನೆ. ದೊಡ್ಡ ಕೆಲಸವೇನಲ್ಲ. ಒಂದು ಪೆಟ್ಟಿಗೆ ನಾಲ್ಕೂವರೆ ಕೆಜಿ ಇದ್ದರೆ ಲೇಬಲ್ಲಿನ ಮೇಲೆ 4.5 ಎಂದು ಬಂದರೆ ಸಾಲದು, 004.500 ಎಂದು ಬರಬೇಕು. ಇನ್ನೊಂದು ಪೆಟ್ಟಿಗೆ ನೂರಾ ಎರಡು ಕೆಜಿ ಇದ್ದರೆ 102.000. ಎರಡೂ ಏಳೇ ಅಕ್ಷರ. ಮುಂದಿನ ಯಂತ್ರ ಲೇಬಲ್ ಓದುವಾಗ ಮೊದಲ ಅಕ್ಷರದಿಂದ ಏಳನೆಯದರವರೆಗೆ ತೂಕ ಎಂದು ಲೆಕ್ಕ ಹಿಡಿದಿರುತ್ತದೆ, ಒಂದು ಅಕ್ಷರ ಕಮ್ಮಿಯಾದರೂ ಪಕ್ಕದ್ದನ್ನು ನುಂಗಿಬಿಡುತ್ತದೆ. ಹಾಗಾಗಿ ಖಾಲಿ ಜಾಗಕ್ಕೆಲ್ಲ ಸೊನ್ನೆ ತುಂಬುತ್ತೇವೆ. ಕೆಲಸಕ್ಕೆ ಹೊಸದಾಗಿ ಸೇರಿದವರು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ: ಅಂಕಿಗಳನ್ನು ಎಣಿಸಿ ಆರು ಜಾಗ ಎಂದು ಬರೆಯುತ್ತಾರೆ. ನಡುವಿನ ಚುಕ್ಕೆಗೂ ಒಂದು ಜಾಗ ಬೇಕು ಎಂಬುದನ್ನು ಮರೆಯುತ್ತಾರೆ. ಹನ್ನೆರಡು ವರ್ಷದಿಂದ ನಾನು ಇದನ್ನು ಬೇರೆಯವರಿಗೆ ಹೇಳಿಕೊಡುತ್ತಿದ್ದೇನೆ. ಈ ವಿಷಯದಲ್ಲಿ ನಾನು ಎಡವುತ್ತೇನೆ ಎಂದು ಯಾರೂ ಅಂದುಕೊಂಡಿರಲಿಕ್ಕಿಲ್ಲ.

ಡಯಾಲಿಸಿಸ್ ದಿನ ಬೆಂಚಿನ ಮೇಲೆ ಕೂತೇ ಕೆಲಸ ಮಾಡಲು ಕಂಪನಿಯವರು ಒಪ್ಪಿದ್ದರು. ಅದನ್ನು ದಿನಾ ನೋಡುತ್ತಿದ್ದ ಹೆಡ್ ಸಿಸ್ಟರ್ ಒಂದು ಗುರುವಾರ ನನ್ನ ಪಕ್ಕ ಬಂದು ಕೂತರು. ನೆಲಮಂಗಲದ ಕಡೆಯವರು, ಐವತ್ತರ ಆಸುಪಾಸು, ಯಾವಾಗಲೂ ನಿಂತೇ ಮಾತಾಡುವವರು. ಕೂತಿದ್ದಕ್ಕೇ ಏನೋ ಕೇಳಲು ಬಂದಿದ್ದಾರೆ ಎಂದು ಗೊತ್ತಾಯಿತು. ಕೈಯಲ್ಲಿ ಅಂಚು ಹರಿದ ದೊಡ್ಡ ರಿಜಿಸ್ಟರ್.

'ಮೇಡಂ, ನೀವು ಕಂಪ್ಯೂಟ್ರಲ್ಲಿ ತೂಕದ್ದೇ ಕೆಲ್ಸ ಮಾಡೋದಂತಲ್ಲ. ನಮಗೂ ಒಂಚೂರು ಮಾಡ್ಕೊಡಿ. ಮೂವತ್ತೊಂದು ಜನದ್ದು ತೂಕ, ಹಿಮೋಗ್ಲೋಬಿನ್ನು ಎಲ್ಲಾ ಇದ್ರಲ್ಲೇ ಬರ್ಕೊಂಡು ಕಣ್ಣು ಹೋಗ್ತಾ ಐತೆ.'

ಅವರಿಗೆ ಬೇಕಿದ್ದದ್ದು ಇಷ್ಟು. ತಿಂಗಳಿಗೊಂದು ಸಲ ಎಲ್ಲರ ರಕ್ತ ತೆಗೆದು ಪರೀಕ್ಷೆ ಮಾಡುತ್ತಾರೆ. ಕಿಡ್ನಿ ಹೋದವರಿಗೆ ರಕ್ತ ಕಮ್ಮಿಯಾಗುತ್ತಾ ಹೋಗುತ್ತದೆ. ಹಿಮೋಗ್ಲೋಬಿನ್ ಹತ್ತರ ಮೇಲಿದ್ದರೆ ಪರವಾಗಿಲ್ಲ, ಕೆಳಗಿಳಿದರೆ ರಕ್ತ ಹೆಚ್ಚಿಸುವ ಇಂಜೆಕ್ಷನ್ ಜಾಸ್ತಿ ಮಾಡಬೇಕು. ಬೆಂಗಳೂರಿನಿಂದ ಡಾಕ್ಟರು ಗುರುವಾರ ಮಾತ್ರ ಬರುತ್ತಿದ್ದರು, ಅದೂ ಒಂದು ಗಂಟೆ. ಅವರ ಕೈಗೆ ಒಂದು ಪಟ್ಟಿ ಕೊಡಬೇಕು. ಯಾರಿಗೆ ಎಲ್ಲರಿಗಿಂತ ಕಮ್ಮಿಯೋ ಅವರ ಹೆಸರು ಎಲ್ಲಕ್ಕಿಂತ ಮೇಲೆ.

ಒಂದು ವಾರದಲ್ಲಿ ಮಾಡಿಕೊಟ್ಟೆ. ಆ ಕೋಣೆಯ ಹಳೆಯ ಕಂಪ್ಯೂಟರಿಗೆ ಹಾಕಿ, ಪ್ರಿಂಟರಿಗೆ ಜೋಡಿಸಿ, ಮೊದಲ ಪಟ್ಟಿ ತೆಗೆದು ತೋರಿಸಿದೆ. ನನ್ನ ಕೈ ಅಭ್ಯಾಸದಂತೆ ಎಲ್ಲ ಅಂಕಿಗಳ ಮುಂದೆಯೂ ಸೊನ್ನೆ ತುಂಬಿದ್ದೆ. ತೂಕ 058.4, ಹಿಮೋಗ್ಲೋಬಿನ್ 08.3. ಅಂಕಿಗಳು ಒಂದರ ಕೆಳಗೊಂದು ನೆಟ್ಟಗೆ ನಿಂತಿದ್ದವು.

ಸಿಸ್ಟರ್ ಕನ್ನಡಕ ಏರಿಸಿ ನೋಡಿದರು. 'ಇದೇನ್ ಮೇಡಂ, ಮುಂದೆ ಸೊನ್ನೆ? ನಮ್ಮ ಪೇಶೆಂಟ್‌ಗಳು ಈ ಹಾಳೆ ಇಸ್ಕೊಂಡು ನೋಡ್ತಾರೆ. ಸೊನ್ನೆ ಎಂಟು ಅಂದ್ರೆ ಸೊನ್ನೆಗೆ ಬಂದ್ಬಿಡ್ತು ಅಂತ ಎದೆ ಒಡ್ಕೊತಾರೆ. ತೆಗೀರಿ ಅದನ್ನ.'

ತೆಗೆದೆ. ಎರಡು ನಿಮಿಷದ ಕೆಲಸ.

ಆ ಎರಡು ನಿಮಿಷದಲ್ಲಿ ಏನಾಯಿತು ಎಂದು ಈಗ ಹೇಳಬಲ್ಲೆ. ರಕ್ತ ತೆಗೆಯದೇ ಇದ್ದವರ ಮುಂದೆ 'ತೆಗೆದಿಲ್ಲ' ಎಂದು ಬರೆಯಲು ಅವಕಾಶವಿರಲಿ ಎಂದು ಸಿಸ್ಟರ್ ಮೊದಲೇ ಕೇಳಿದ್ದರು. ಅದಕ್ಕಾಗಿ ಆ ಕಾಲಮ್ಮನ್ನು ನಾನು ಸಂಖ್ಯೆಯಾಗಿ ಇಡದೆ ಬರಹವಾಗಿ ಇಟ್ಟಿದ್ದೆ. ಬರಹವನ್ನು ಕಂಪ್ಯೂಟರು ಹಾಜರಿ ಪುಸ್ತಕದ ಹೆಸರುಗಳ ಹಾಗೆ ಜೋಡಿಸುತ್ತದೆ. ಮೊದಲ ಅಕ್ಷರ ನೋಡುತ್ತದೆ, ಅದು ಒಂದೇ ಆದರೆ ಮಾತ್ರ ಎರಡನೆಯದು. ಮುಂದೆ ಸೊನ್ನೆ ಇದ್ದಾಗ 08.3 ಎಂಬುದು 10.2ಕ್ಕಿಂತ ಮೊದಲು ಬರುತ್ತಿತ್ತು, ಸರಿಯಾಗಿಯೇ. ಸೊನ್ನೆ ಹೋದ ಮೇಲೆ ಅದಕ್ಕೆ ಕಾಣುವುದು ಒಂದು ಕಡೆ ಎಂಟು, ಇನ್ನೊಂದು ಕಡೆ ಒಂದು. ಒಂದು ಮೊದಲು, ಎಂಟು ಆಮೇಲೆ. ಅಂದರೆ ಹತ್ತು, ಹನ್ನೊಂದು, ಹನ್ನೆರಡು ಇದ್ದವರೆಲ್ಲ ಪಟ್ಟಿಯ ಮೇಲಕ್ಕೆ ಹೋದರು. ಏಳು, ಎಂಟು, ಒಂಬತ್ತು ಇದ್ದವರು ಕೆಳಗೆ.

ಸೊನ್ನೆ ತೆಗೆದ ಮೇಲೆ ನಾನು ಪರೀಕ್ಷೆ ಮಾಡಲಿಲ್ಲ ಎಂದಲ್ಲ. ಐದು ಅಂಕಿ ಹಾಕಿ ನೋಡಿದೆ: 7.9, 8.1, 8.3, 8.8, 9.2. ಸರಿಯಾಗಿ ಕಮ್ಮಿಯಿಂದ ಜಾಸ್ತಿಗೆ ಬಂದವು. ಅವು ಐದೂ ನನ್ನ ಗಂಡನ ಹಿಂದಿನ ಐದು ತಿಂಗಳ ಅಂಕಿಗಳು. ನನಗೆ ಬಾಯಿಪಾಠವಿದ್ದದ್ದು ಅವೇ. ಅವುಗಳಲ್ಲಿ ಒಂದೂ ಹತ್ತನ್ನು ದಾಟಿರಲಿಲ್ಲ.

ಮುಂದಿನ ತಿಂಗಳಿನಿಂದ ಲ್ಯಾಬಿನವರೇ ಅಂಕಿಗಳನ್ನು ನೇರವಾಗಿ ಕಂಪ್ಯೂಟರಿಗೆ ಹಾಕತೊಡಗಿದರು. ರಿಜಿಸ್ಟರಿಗೆ ಕೈಯಲ್ಲಿ ಬರೆಯುವಾಗ ಪ್ರತಿಯೊಂದು ಅಂಕಿಯೂ ಸಿಸ್ಟರ್ ಕಣ್ಣಿನ ಮುಂದೆ ಹಾದುಹೋಗುತ್ತಿತ್ತು. ಆ ಕೆಲಸ ಈಗ ತಪ್ಪಿತು. ಅವರು ನನಗೆ ಎರಡು ಸಲ ಥ್ಯಾಂಕ್ಸ್ ಹೇಳಿದರು.

ಆ ತಿಂಗಳ ಮೊದಲ ಗುರುವಾರ ಡಾಕ್ಟರು ಬಂದರು. ಸಿಸ್ಟರ್ ಪಟ್ಟಿ ಕೊಟ್ಟರು. ಒಂದು ಹಾಳೆಗೆ ಹದಿನೈದು ಹೆಸರು, ಒಟ್ಟು ಮೂರು ಹಾಳೆ. ಬಾಗಿಲು ತೆರೆದಿತ್ತು, ನಾನು ಬೆಂಚಿನ ಮೇಲಿದ್ದೆ. ಡಾಕ್ಟರು ಮೊದಲ ಹಾಳೆ ನೋಡಿ, 'ಗುಡ್, ಈ ತಿಂಗಳು ಯಾರೂ ಹತ್ತಕ್ಕಿಂತ ಕೆಳಗಿಲ್ವಲ್ಲ ಸಿಸ್ಟರ್! ಇಂಜೆಕ್ಷನ್ ಎಲ್ಲರಿಗೂ ಇದ್ದಷ್ಟೇ ಇರಲಿ' ಎಂದದ್ದು ನನಗೆ ಚೆನ್ನಾಗಿ ಕೇಳಿಸಿತು.

ನನ್ನ ಗಂಡನದು 8.3 ಎಂದು ಅವತ್ತು ಬೆಳಿಗ್ಗೆಯಷ್ಟೇ ಲ್ಯಾಬಿನ ಚೀಟಿಯಲ್ಲಿ ನಾನೇ ಓದಿದ್ದೆ. ಯಾರೂ ಹತ್ತಕ್ಕಿಂತ ಕೆಳಗಿಲ್ಲ ಎಂಬ ಮಾತೂ ಕಿವಿಗೆ ಬಿತ್ತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲಿಲ್ಲ. ಲ್ಯಾಪ್‌ಟಾಪಿನಲ್ಲಿ ಏನೋ ಟೈಪ್ ಮಾಡುತ್ತಿದ್ದೆ, ಮಾಡುತ್ತಲೇ ಇದ್ದೆ. ಆ ದಿನಗಳಲ್ಲಿ ಮಾತುಗಳು ನನ್ನ ತನಕ ಬರುತ್ತಿದ್ದವು, ಒಳಗೆ ಇಳಿಯುತ್ತಿರಲಿಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ. ನಡೆದದ್ದು ಹಾಗೆ.

ನನ್ನ ಗಂಡನ ಪಕ್ಕದ ಹಾಸಿಗೆ ಒಬ್ಬ ಹೆಂಗಸಿನದು. ಅರವತ್ತೈದರ ಹತ್ತಿರ. ನೇಯ್ಗೆಯವರ ಮನೆ, ನಮ್ಮಮ್ಮನ ಮನೆಯ ಹಾಗೆಯೇ. ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇದ್ದವು, ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ರೇಷ್ಮೆ ಸುತ್ತುವ ಕೆಲಸ ಅವರದು. ವರ್ಷಾನುಗಟ್ಟಲೆ ಮಗ್ಗದ ಸದ್ದಿನಲ್ಲಿ ಇದ್ದು ಕಿವಿ ಮಂದ, ಹಾಗಾಗಿ ಗಟ್ಟಿಯಾಗಿ ಮಾತಾಡುತ್ತಿದ್ದರು. ಎಲ್ಲರೂ ಅವರನ್ನು ಅಮ್ಮ ಎನ್ನುತ್ತಿದ್ದೆವು. ಒಬ್ಬರೇ ಆಟೋದಲ್ಲಿ ಬರುತ್ತಿದ್ದರು. ಮಷೀನಿಗೆ ಹಾಕಿದ ಮೇಲೆ ನನ್ನ ಗಂಡನ ಜೊತೆ ಹರಟೆ: ಯಾವ ಸೀರೆಗೆ ಈಗ ಗಿರಾಕಿ ಇದೆ, ಯಾವ ಸ್ಕೂಲಿನ ಮಕ್ಕಳು ವ್ಯಾನಿನಲ್ಲಿ ಜಾಸ್ತಿ ಗಲಾಟೆ ಮಾಡುತ್ತಾರೆ, ಇಂಥವು.

ಆ ತಿಂಗಳು ಅವರ ಹರಟೆ ಕಮ್ಮಿಯಾಗಿತ್ತು. ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಲ್ಲುತ್ತಿದ್ದರು. ಒಂದು ಸಲ ನಾನೇ ಬ್ಯಾಗು ತೆಗೆದುಕೊಂಡೆ. 'ವಯಸ್ಸಾಯ್ತಲ್ಲ ತಾಯಿ' ಎಂದರು. ನಾನು ಹ್ಞೂಂ ಎಂದೆ.

ಮೂರನೇ ವಾರದ ಶನಿವಾರ ಬೆಳಿಗ್ಗೆ ಅವರು ಮೆಟ್ಟಿಲ ತಿರುವಿನಲ್ಲಿ ಕುಸಿದರು. ನಾವು ಅವರ ಹಿಂದೆಯೇ ಬರುತ್ತಿದ್ದೆವು. ಕೂಗಲಿಲ್ಲ, ಏನಿಲ್ಲ. ಕಂಬಿ ಹಿಡಿದಿದ್ದ ಕೈ ಬಿಟ್ಟು ಗೋಡೆಗೆ ಒರಗಿ ಹಾಗೇ ಜಾರಿದರು. ನನ್ನ ಗಂಡ ಒಂದು ಕೈಯಲ್ಲಿ ಅವರ ತಲೆ ಹಿಡಿದರು. ತುಟಿ, ಉಗುರು ಎಲ್ಲ ಬೆಳ್ಳಗಾಗಿತ್ತು. ಸಿಸ್ಟರ್ ಓಡಿಬಂದರು. ಆಂಬ್ಯುಲೆನ್ಸ್ ಕರೆಸಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಅಲ್ಲಿಂದ ಫೋನು: ಹಿಮೋಗ್ಲೋಬಿನ್ ಆರು ಪಾಯಿಂಟ್ ಒಂದಕ್ಕೆ ಇಳಿದಿದೆ, ರಕ್ತ ಕೊಡುತ್ತಿದ್ದೇವೆ, ಎದೆಗೂ ತೊಂದರೆಯಾಗಿದೆ.

ಮಂಗಳವಾರ ಸಿಸ್ಟರ್ ಪಟ್ಟಿಯ ಹಾಳೆಗಳನ್ನು ಹಿಡಿದುಕೊಂಡು ಬೆಂಚಿಗೆ ಬಂದರು. ಈ ಸಲ ಕೂರಲಿಲ್ಲ.

'ಮೇಡಂ, ಅಮ್ಮಂದು ಮೇಲೇ ಇರ್ಬೇಕಿತ್ತಲ್ವಾ? ಮೊದಲ್ನೇ ಹಾಳೇಲಿ ಹೆಸ್ರೇ ಇಲ್ಲ.'

ನಾನು ಎರಡನೇ ಹಾಳೆ ತೆಗೆದುಕೊಂಡೆ. ಮೇಲಿನ ಎರಡು ಸಾಲು 12.1, 12.4. ಅದರ ಕೆಳಗೆ ಅಮ್ಮನ ಹೆಸರು, 7.4. ಅದರ ಕೆಳಗೆ 7.9. ಆಮೇಲೆ ನನ್ನ ಗಂಡನ ಹೆಸರು, 8.3. ಹನ್ನೆರಡೂ ಚಿಲ್ಲರೆಯ ಕೆಳಗೆ ಏಳೂ ಚಿಲ್ಲರೆ. ನೋಡಿದ ಕೂಡಲೇ ಅರ್ಥವಾಯಿತು. ಇಂಥದ್ದನ್ನು ಬೇರೆಯವರ ಕೆಲಸದಲ್ಲಿ ಎಷ್ಟೋ ಸಲ ಹಿಡಿದು ತೋರಿಸಿದ್ದೇನೆ.

'ಸಿಸ್ಟರ್, ತಪ್ಪು ನಂದು' ಎಂದೆ. 'ಸೊನ್ನೆ ತೆಗೆದಾಗ ಜೋಡಣೆ ಕೆಟ್ಟಿದೆ. ಕಮ್ಮಿ ಇರೋರೆಲ್ಲ ಕೆಳಗೆ ಹೋಗಿದ್ದಾರೆ.'

ಅವರಿಗೆ ಮೊದಲು ತಿಳಿಯಲಿಲ್ಲ. ಹಾಳೆಯ ಹಿಂದೆ ಎರಡು ಅಂಕಿ ಬರೆದು ತೋರಿಸಿದೆ. ತಿಳಿದ ಮೇಲೆ ಅವರು ಹಾಳೆಗಳನ್ನು ನನ್ನ ಕೈಯಿಂದ ವಾಪಸು ತೆಗೆದುಕೊಂಡರು.

'ತೆಗೀರಿ ಅಂದೋಳು ನಾನೇ.'

'ತೆಗೆದಿದ್ದು ಅಲ್ಲ ತಪ್ಪು. ತೆಗೆದ್ಮೇಲೆ ನಾನು ನೋಡ್ಬೇಕಿತ್ತು.'

'ನಾನೂ ಇನ್ನೊಂದು ಹಾಳೆ ತಿರುಗಿಸಿ ನೋಡ್ಬೇಕಿತ್ತು' ಎಂದು ಹೇಳಿ ಒಳಗೆ ಹೋದರು. ಯಾವುದೋ ಮಷೀನು ಕೂಗುತ್ತಿತ್ತು.

ಕಂಪ್ಯೂಟರಿನ ಮುಂದೆ ಕೂತು ಸರಿಮಾಡಿದೆ. ಕಣ್ಣಿಗೆ ಕಾಣುವ ಅಂಕಿಯ ಜೊತೆಗೆ ಕಾಣದ ಇನ್ನೊಂದು ಕಾಲಮ್ ಮಾಡಿದೆ. ಅದರಲ್ಲಿ ನಾಲ್ಕು ಜಾಗ, ಚುಕ್ಕೆಯೂ ಸೇರಿ. ಖಾಲಿ ಇದ್ದಲ್ಲಿ ಮುಂದೆ ಸೊನ್ನೆ. ಜೋಡಿಸುವುದು ಅದರ ಪ್ರಕಾರ, ಅಚ್ಚು ಹಾಕುವುದು ಸೊನ್ನೆ ಇಲ್ಲದ್ದನ್ನು. 'ತೆಗೆದಿಲ್ಲ' ಎಂದಿರುವವರು ಎಲ್ಲರಿಗಿಂತ ಮೇಲೆ. ಈ ಸಲ ನಾಲ್ಕರಿಂದ ಹದಿನಾರರವರೆಗೆ ಅಂಕಿ ಕೊಟ್ಟು ಪರೀಕ್ಷೆ ಮಾಡಿದೆ. ಒಟ್ಟು ಹತ್ತು ನಿಮಿಷ ಆಗಿರಬಹುದು.

ಗುರುವಾರ ಡಾಕ್ಟರಿಗೂ ಹೇಳಿದೆ. ಅವರು ಹೊಸ ಪಟ್ಟಿಯನ್ನು ಕೊನೆಯ ಹೆಸರಿನ ತನಕ ನೋಡಿದರು. ಹದಿನಾಲ್ಕು ಜನ ಹತ್ತಕ್ಕಿಂತ ಕೆಳಗಿದ್ದರು. ಒಬ್ಬೊಬ್ಬರ ಇಂಜೆಕ್ಷನ್ನೂ ಬದಲಾಯಿಸಿ ಬರೆದರು. 'ಮೊದಲ ಹಾಳೇಲೇ ನನಗೆ ಅನುಮಾನ ಬರಬೇಕಿತ್ತು. ಮೂವತ್ತೊಂದು ಜನ ಡಯಾಲಿಸಿಸ್ ಪೇಶೆಂಟ್‌ಗಳಲ್ಲಿ ಎಲ್ಲರೂ ಹತ್ತರ ಮೇಲೆ ಇರೋದು ಆಗೋ ಮಾತಲ್ಲ' ಎಂದರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಏನಾದರೂ ಅನ್ನಿಸುತ್ತಿತ್ತೋ ಏನೋ.

ಅಮ್ಮ ವಾಪಸು ಬಂದದ್ದು ಕುಸಿದ ಹತ್ತು ದಿನದ ಮೇಲೆ, ಮಗಳ ತೋಳು ಹಿಡಿದುಕೊಂಡು. ಮುಖಕ್ಕೆ ಬಣ್ಣ ಬಂದಿತ್ತು. ಸೂಜಿ ಹಾಕಿ ಸಿಸ್ಟರ್ ಆಚೆ ಹೋದ ಮೇಲೆ ನಾನು ಒಳಗೆ ಹೋಗಿ ಅವರ ಪಕ್ಕ ನಿಂತೆ. ನನ್ನ ಗಂಡ ನಿದ್ದೆ ಹೋಗಿದ್ದರು. ಅಮ್ಮನಿಗೆ ಕಿವಿ ಕೇಳಿಸದು, ಮೆಲ್ಲಗೆ ಹೇಳುವಂತಿಲ್ಲ. ಬಗ್ಗಿ, ಕಿವಿಯ ಹತ್ತಿರ ಹೇಳಿದೆ. ಪಟ್ಟಿ ಮಾಡಿದ್ದು ನಾನು, ಅದರಲ್ಲಿ ನಿಮ್ಮ ಹೆಸರು ಮೇಲೆ ಬರಬೇಕಿತ್ತು, ನನ್ನ ತಪ್ಪಿನಿಂದ ಕೆಳಗೆ ಹೋಯಿತು, ಅದಕ್ಕೇ ನಿಮ್ಮ ಇಂಜೆಕ್ಷನ್ ಹೆಚ್ಚಿಸಲಿಲ್ಲ.

ಅವರು ನನ್ನ ಮುಖವನ್ನೇ ನೋಡಿದರು.

'ನಿಮ್ಮ ಯಜಮಾನ್ರ ಹೆಸ್ರು ಎಲ್ಲಿತ್ತು?'

'ಅವರದ್ದೂ ಕೆಳಗೇ ಇತ್ತಮ್ಮ. ನಿಮ್ಮದಾದ ಮೇಲೆ ಎರಡನೇದು.'

'ಹಂಗಾದ್ರೆ ಬೇಕಂತ ಮಾಡಿದ್ದಲ್ಲ, ಬಿಡು.' ಫ್ಯಾನಿನ ಕಡೆ ನೋಡುತ್ತಾ ಮತ್ತೆ ಹೇಳಿದರು: 'ಆದ್ರೂ ತಾಯಿ, ನಂಗೆ ಬಲು ಭಯ ಆಗಿತ್ತು ಕಣೇ. ಆಂಬುಲೆನ್ಸಲ್ಲಿ ಯಾರೂ ಇರ್ಲಿಲ್ಲ ನಂಜೊತೆ.'

ಅವರ ದಿಂಬು ಸರಿಮಾಡಿದೆ.

'ಆ ಫ್ಯಾನ್ ಒಂಚೂರು ಕಮ್ಮಿ ಮಾಡು, ಚಳಿ' ಎಂದರು. ಕಮ್ಮಿ ಮಾಡಿ ಆಚೆ ಬಂದೆ.

ಗಂಡನಿಗೆ ಮಾತ್ರ ಹೇಳಿರಲಿಲ್ಲ. ಯಾಕೆ ಎಂದು ಕೇಳಿದರೆ ನನಗೇ ಗೊತ್ತಿಲ್ಲ. ಸಿಸ್ಟರಿಗೆ, ಡಾಕ್ಟರಿಗೆ, ಅಮ್ಮನಿಗೆ ಹೇಳಿದ ಮೇಲೆ ಮುಗಿಯಿತು ಎಂದುಕೊಂಡೆನೋ ಏನೋ. ಎರಡು ವಾರದ ಮೇಲೆ ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ಅವರೇ ಕೇಳಿದರು. ಸೂಜಿ ಹಾಕುವ ಕೈಗೆ ಭಾರ ಬೀಳಬಾರದೆಂದು ಗಾಡಿ ಓಡಿಸುವುದು ನಾನು, ಅವರು ಹಿಂದೆ. ಊರು ದಾಟಿ ದ್ರಾಕ್ಷಿ ತೋಟಗಳ ಹತ್ತಿರ ಬಂದಿದ್ದೆವು.

'ಅದೇನೋ ಪಟ್ಟಿ ಉಲ್ಟಾ ಆಗಿತ್ತಂತೆ? ಅಮ್ಮ ಹೇಳಿದ್ರು.'

'ಹ್ಞೂಂ.'

'ನಂದೆಷ್ಟಿತ್ತು ಆವಾಗ?'

'ಎಂಟು ಪಾಯಿಂಟ್ ಮೂರು.'

'ಅದಕ್ಕೇ ಇರ್ಬೇಕು. ಆ ತಿಂಗಳು ಬಚ್ಚಲಿಂದ ರೂಮಿಗೆ ಬರೋ ಅಷ್ಟ್ರಲ್ಲಿ ಉಸಿರು ಕಟ್ಟೋದು. ಬಾಗಿಲು ಹಿಡ್ಕೊಂಡು ನಿಂತ್ಕೊತಿದ್ದೆ' ಎಂದರು.

ಗಾಡಿ ನಿಲ್ಲಿಸಿದೆ. 'ಯಾಕ್ರೀ ಹೇಳ್ಲಿಲ್ಲ?'

'ನೀನು ಕೇಳಿಸ್ಕೊಳೋ ಹಂಗಿರ್ಲಿಲ್ಲ ಕಣೇ. ಏನು ಹೇಳಿದ್ರೂ ಸರಿ ಅಂತಿದ್ದೆ. ಊಟ ಬೇಡ ಅಂದ್ರೂ ಸರಿ, ಬೇಕು ಅಂದ್ರೂ ಸರಿ. ಇನ್ನ ಇದನ್ನ ಬೇರೆ ಯಾಕೆ ಹೇಳೋದು ಅಂತ.'

ಅವರು ಕೋಪದಿಂದ ಹೇಳಲಿಲ್ಲ. ವ್ಯಾನಿನ ಯಾವುದೋ ರಿಪೇರಿಯ ಬಗ್ಗೆ ಹೇಳುವ ಹಾಗೆ ಹೇಳಿದರು. ರಸ್ತೆಯ ಪಕ್ಕ ಚಪ್ಪರದ ನೆರಳಿತ್ತು, ಅಲ್ಲಿಗೆ ಗಾಡಿ ತಳ್ಳಿದೆ. ಎಳನೀರಿನವನು ಇದ್ದ, ಆದರೆ ಕಿಡ್ನಿ ಹೋದವರು ಎಳನೀರು ಕುಡಿಯುವಂತಿಲ್ಲ. ಅವರನ್ನು ಬಿಟ್ಟು ನಾನೊಬ್ಬಳೇ ಕುಡಿಯುವುದು ಆಗಲಿಲ್ಲ. ಹಾಗೇ ನಿಂತೆವು. ಬಚ್ಚಲಿನಿಂದ ರೂಮಿಗೆ ಏಳು ಹೆಜ್ಜೆ ಇರಬಹುದು. ಆ ತಿಂಗಳೆಲ್ಲ ದಿನಾ ನಾನು ಆ ಬಾಗಿಲಿನ ಎದುರಿಗೇ ನಿಂತು ಅಡುಗೆ ಮಾಡಿದ್ದೆ. ಅವರು ಬಾಗಿಲು ಹಿಡಿದು ನಿಂತದ್ದನ್ನು ನೋಡಿರಲೇಬೇಕು. ನೋಡಿದ ನೆನಪು ಒಂದೂ ಬರಲಿಲ್ಲ.

'ಇನ್ಮೇಲೆ ಹೇಳಿ' ಎಂದೆ.

'ಹೇಳ್ತೀನಿ.'

'ಈಗ ಹೆಂಗಿದೆ?'

'ಈಗ ಹಸಿವಾಗ್ತಿದೆ. ನಡಿ.'

ಅವತ್ತಿನಿಂದ ಅವರು ಹೇಳುತ್ತಾರೆ. ಹೇಳದಿದ್ದರೆ ನಾನು ಕೇಳುತ್ತೇನೆ. ಕೇಳಬೇಕು ಎಂದು ನೆನಪಿಟ್ಟುಕೊಂಡು ಕೇಳುತ್ತೇನೆ. ಅಮ್ಮನನ್ನು ಮಗಳು ಹೊಸಕೋಟೆಗೆ ಕರೆದುಕೊಂಡು ಹೋದಳು. ಅಲ್ಲಿಯೇ ಡಯಾಲಿಸಿಸ್ ನಡೆಯುತ್ತಿದೆ, ಹಬ್ಬಕ್ಕೆ ನನ್ನ ಗಂಡನಿಗೆ ಫೋನ್ ಮಾಡಿ ಗಟ್ಟಿಯಾಗಿ ಮಾತಾಡುತ್ತಾರೆ. ಫೋನನ್ನು ನನಗೆ ಕೊಡಿ ಎಂದು ಅವರು ಒಂದು ಸಲವೂ ಕೇಳಿಲ್ಲ. ಸಿಸ್ಟರ್ ಈಗ ಮೂರು ಹಾಳೆಗಳನ್ನೂ ಬೆರಳಿಟ್ಟು ಓದಿದ ಮೇಲೆಯೇ ಡಾಕ್ಟರಿಗೆ ಕೊಡುತ್ತಾರೆ.

ಹೋದ ತಿಂಗಳು ನನ್ನ ಗಂಡನದು ಮೊದಲ ಸಲ 10.2 ಬಂತು. ಸಿಸ್ಟರ್ ಬಾಗಿಲಿಗೆ ಬಂದು ಹೇಳಿದರು. ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟು ಒಳಗೆ ಹೋಗಿ ಅವರಿಗೆ ಹೇಳಿದೆ.

'ಹತ್ತು ದಾಟ್ತಾ?' ಎಂದರು. ಸೂಜಿ ಇಲ್ಲದ ಕೈಯಿಂದ ಹೊದಿಕೆ ಎದೆಯ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿದರು. ಮಷೀನು ಇನ್ನೂ ಎರಡು ಗಂಟೆ ಇಪ್ಪತ್ತು ನಿಮಿಷ ತೋರಿಸುತ್ತಿತ್ತು.